ಫಕ್ಕೀರವ್ವನ ಬಲಗಣ್ಣಿನ ಕಳ್ಳಿ

ನಾನು ಒಂದು ಕಣ್ಣಿನ ಮಸೂರ. ಬೆಟಗೇರಿಯ ಫಕ್ಕೀರವ್ವನ ಬಲಗಣ್ಣಿನ ಪಾಪೆಯ ಹಿಂದೆ ಅರವತ್ತೆಂಟು ವರ್ಷ ಕೂತು ಮೂರು ಲೋಕ ನೋಡಿದವಳು. ನಾನು ನೋಡದ ಬಣ್ಣ ಇನ್ನೂ ಹುಟ್ಟಿಲ್ಲ. ಸರಿ, ಹಾಗೆ ನಗಬೇಡಿ, ಒಪ್ಪಿಕೊಳ್ಳುತ್ತೇನೆ. ಇದರಲ್ಲಿ ಅರ್ಧ ಸುಳ್ಳು. ಮೂರು ಲೋಕ ಅಂದರೆ ಗದಗ, ಬೆಟಗೇರಿ, ಮತ್ತು ರೋಣಕ್ಕೆ ಹೋಗುವ ಬಸ್ಸಿನ ಕಿಟಕಿ. ನೋಡಿದವಳೂ ನಾನಲ್ಲ. ನಾನು ಬೆಳಕಿಗೆ ದಾರಿ ಬಿಡುವವಳು ಅಷ್ಟೆ. ನೋಡುವವಳು ನನ್ನ ಹಿಂದೆ ಎಲ್ಲೋ ಕತ್ತಲಲ್ಲಿ ಕೂತಿದ್ದಳು. ಅವಳ ಮುಖ ನನಗೆ ಇಂದಿಗೂ ಗೊತ್ತಿಲ್ಲ.

ತಾಯಿಯ ಹೊಟ್ಟೆಯಲ್ಲಿ ಫಕ್ಕೀರವ್ವನಿಗೆ ಬೆರಳು ಬಿಡುವ ಮೊದಲೇ ನಾನು ಹುಟ್ಟಿದೆ. ಆಗ ನಾನು ಒಂದು ಇಬ್ಬನಿಯ ಚೂರು. ಆಮೇಲೆ ಬೆಳೆದೆ. ಹೇಗೆ ಬೆಳೆದೆ ಗೊತ್ತೇ? ಮೈಯ ಚರ್ಮ ಉದುರುತ್ತದೆ, ಕೂದಲು ಉದುರುತ್ತದೆ, ನಾನು ಮಾತ್ರ ಏನನ್ನೂ ಬಿಸಾಡಲಿಲ್ಲ. ಹಳೆಯ ಪದರದ ಮೇಲೆ ಹೊಸ ಪದರ ಹೊದ್ದುಕೊಂಡೆ. ಹುಟ್ಟುವ ಮೊದಲಿನ ಆ ಇಬ್ಬನಿಯ ಚೂರು ಈಗಲೂ ನನ್ನ ನಟ್ಟನಡುವೆ ಇದೆ. ನೆನೆದರೆ ನನಗೇ ಮೈ ಜುಮ್ಮೆನ್ನುತ್ತದೆ.

ಫಕ್ಕೀರವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಅಂಗಿ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಒಂದೇ ಅಳತೆಯ ಹೊಲಿಗೆ ಹಾಕುತ್ತ ನೆಲದ ಮೇಲೆ ತೆವಳುತ್ತಿದ್ದಳು. ಅವಳು ಸೂಜಿಗೆ ದಾರ ಪೋಣಿಸುವಾಗ ನಾನು ಉಬ್ಬುತ್ತಿದ್ದೆ. ತಲೆ ಎತ್ತಿ ದೂರದ ಕಪ್ಪತಗುಡ್ಡ ನೋಡಿದಾಗ ಚಪ್ಪಟೆಯಾಗುತ್ತಿದ್ದೆ. ದಿನಕ್ಕೆ ಲಕ್ಷ ಸಲವಾದರೂ ಹೀಗೆ ಉಬ್ಬಿ ಇಳಿದಿದ್ದೇನೆ. ಲಕ್ಷ ಬೇಡವೇ? ಸಾವಿರ ಇಟ್ಟುಕೊಳ್ಳಿ. ಗಂಡ ತೀರಿಕೊಂಡ ವರ್ಷ ಅವಳು ಅತ್ತದ್ದೆಲ್ಲ ನನ್ನ ಮುಂದಿನಿಂದಲೇ ಹರಿದುಹೋಯಿತು. ಒಂದು ಹನಿಯೂ ನನ್ನನ್ನು ಮುಟ್ಟಲಿಲ್ಲ. ಅಷ್ಟು ಹತ್ತಿರವಿದ್ದೂ ಮುಟ್ಟಲಿಲ್ಲ.

ನಲವತ್ತು ದಾಟಿದ ಮೇಲೆ ನಾನು ಬಿರುಸಾದೆ. ಅರವತ್ತಕ್ಕೆ ಹಳದಿಯಾದೆ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿದೆ. ಎಡಗಣ್ಣಿನ ನನ್ನ ಜೋಡಿಯದೂ ಅದೇ ಗತಿ. ಅಲ್ಲಿಂದ ನಮ್ಮ ಕಳ್ಳತನ ಶುರು. ದಿನಕ್ಕೆ ಒಂದು ಚೂರಿನಂತೆ ನಾವು ನೀಲಿಯನ್ನು ಕದ್ದೆವು. ಎಷ್ಟು ಮೆಲ್ಲಗೆ ಕದ್ದೆವೆಂದರೆ, ಕಳೆದುಕೊಂಡವಳಿಗೆ ಕಳೆದದ್ದೇ ಗೊತ್ತಾಗಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಕೂಸಿನ ಕೌದಿಯಲ್ಲಿ.

ಫಕ್ಕೀರವ್ವನ ಮಗಳು ಕಸ್ತೂರಿಯನ್ನು ರೋಣಕ್ಕೆ ಕೊಟ್ಟಿದೆ. ಅವಳ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಸುವ ಮೊದಲ ಕೌದಿ ತವರಿನಿಂದ ಹೋಗಬೇಕು. ಫಕ್ಕೀರವ್ವ ಹದಿನೈದು ದಿನ ಕೂತು ಹೊಲಿದು, ಹಸಿದ ಕೌದಿ ಕೊಡಬಾರದೆಂಬ ಪದ್ಧತಿಯಂತೆ ಅದರ ಮೂಲೆಯ ಚೀಲದಲ್ಲಿ ಹೋಳಿಗೆಯ ಚೂರು ಇಟ್ಟು, ಕೌದಿಯ ಹೊಟ್ಟೆ ತುಂಬಿಸಿ ಕಳಿಸಿದಳು. ಮೂರೇ ದಿನಕ್ಕೆ ಅದು ವಾಪಸು ಬಂತು. ಜೊತೆಗೆ ಕಸ್ತೂರಿಯ ಅತ್ತೆ ಅಂದಾನವ್ವನ ಮಾತೂ ಬಂತು: "ಕೂಸಿನ ಹಣಿಗೆ ಕರೇ ಬೊಟ್ಟ ಇಡ್ತಾರ, ಮೈಕೆಳಗ ಕರೇ ಅರಿವಿ ಹಾಸ್ತಾರೇನು? ನಡುವಿನ ತುಂಡ ಕಾಡಿಗಿ ಆಗೇತಿ!"

ಫಕ್ಕೀರವ್ವ ಕೌದಿಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದಳು. ನಾನು ಅವಳಿಗೆ ಗಟ್ಟಿ ನೀಲಿ ಅಂತಲೇ ತೋರಿಸಿದೆ. ಹೇಳಬೇಕೆಂದರೆ, ನೀಲಿಯೋ ಕರಿಯೋ ನನಗೂ ತಿಳಿಯುತ್ತಿರಲಿಲ್ಲ.

"ಕರೇದಂತ ಕರೇದು!" ಅವಳು ಓಣಿಗೆಲ್ಲ ಕೇಳುವಂತೆ ಕೂಗಿದಳು. "ನಲವತ್ತ ವರ್ಷ ಕೌದಿ ಹೊಲದಾಕಿಗೆ ಬಣ್ಣ ಕಲಿಸಾಕ ಬಂದಾಳ! ಇದು ನೀಲಿ ಅಂತ ಆಕಿ ಬಾಯಿಲೆ ಒಪ್ಪೂತನಕ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ!"

ತೊಟ್ಟಿಲ ಕಾರ್ಯ ಮುಗಿಯಿತು, ಫಕ್ಕೀರವ್ವ ಹೋಗಲಿಲ್ಲ. ಮೂರು ತಿಂಗಳಾಯಿತು. ಕಸ್ತೂರಿ ಫೋನಿನಲ್ಲಿ, "ಯವ್ವಾ, ಕೂಸು ನಗಾಕ ಹತ್ತೇತಿ, ಬಾರವ್ವಾ," ಅನ್ನುವಳು. ಇವಳು, "ನಿಮ್ಮತ್ತಿ ಮಾತು ಕೇಳಿ ನಗತಿರಬೇಕ ತಗೋ," ಎಂದು ಫೋನು ಇಡುವಳು. ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಕೂರುವಳು. ಓಣಿಗೆ ಅವಳ ಜಂಬ ಕಂಡಿತು. ಬಾಗಿಲ ಹಿಂದೆ ಏನಿತ್ತೆಂದು ನನಗೆ ಗೊತ್ತು, ಯಾಕೆಂದರೆ ಅದು ನನ್ನ ಮುಂದಿನಿಂದಲೇ ಹರಿಯುತ್ತಿತ್ತು.

ಒಂದು ದಿನ ತಾನೇ ತೀರ್ಮಾನಿಸಿದಳು. "ಕಣ್ಣ ತೊಳಿಸ್ಕೊಂಡ ಬರ್ತೀನಿ. ಆಮ್ಯಾಲೆ ನನ್ನ ಕಣ್ಣ ಸುಳ್ಳು ಅಂತ ಹೆಂಗ ಅಂತಾಳ ನೋಡೂಣ." ಕೌದಿಯನ್ನು ಸಾಕ್ಷಿಗೆ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಹೊರಟಳು.

ಅಲ್ಲಿ ಹಸಿರು ನಿಲುವಂಗಿ ತೊಟ್ಟ ಮುದುಕ ಮುದುಕಿಯರ ಸಾಲು. ಎಲ್ಲರ ಹುಬ್ಬಿನ ಮೇಲೂ ಪೊರೆ ತೆಗೆಯಬೇಕಾದ ಕಣ್ಣಿನ ಗುರುತು, ಇವಳದು ಬಲಕ್ಕೆ. ಹನಿ ಹಾಕಿದರು, ಪಾಪೆ ಹೆಬ್ಬಾಗಿಲಿನಂತೆ ತೆರೆಯಿತು. ಸೂಜಿ ಚುಚ್ಚಿದರು, ಕಣ್ಣು ಮರಗಟ್ಟಿತು. ಮುಖದ ಮೇಲೆ ಬಟ್ಟೆ ಹೊದಿಸಿ ಒಂದೇ ತೂತು ಬಿಟ್ಟರು.

"ಡಾಕ್ಟರ್‌ಬಾಯಿ, ಮಾತಾಡಬಹುದೇನ್ರಿ?"

"ಮಾತಾಡ್ರಿ ಅಜ್ಜಿ. ತಲಿ ಮಾತ್ರ ಅಲುಗಾಡಿಸಬ್ಯಾಡ್ರಿ."

"ತಲಿ ಅಲುಗಾಡಿಸದ ಮಾತಾಡೂದು ನಮ್ಮ ವಂಶದಾಗ ಯಾರಿಗೂ ಬಂದಿಲ್ರಿ."

ಆಗ ದೀಪ ಬೆಳಗಿತು. ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಸೂರ್ಯನನ್ನು ಚಮಚೆಯಲ್ಲಿ ತುಂಬಿ ಮೂಗಿನ ಹತ್ತಿರ ಹಿಡಿದಂತಿತ್ತು. ಕೂದಲೆಳೆಯಷ್ಟು ಸಣ್ಣ ಅಲಗು ಬಂತು. ನಾನು ಹೊದ್ದಿದ್ದ ಚೀಲದ ಬಾಯಿ ಬಿಚ್ಚಿತು. ಯಾರೋ ನನ್ನನ್ನು ಮೆತ್ತಗೆ ತಿರುಗಿಸಿದರು. ಮಲಗಿದ ಕೂಸನ್ನು ಎತ್ತುವವರೂ ಅಷ್ಟು ಮೆತ್ತಗೆ ಎತ್ತುವುದಿಲ್ಲ. ಒಂದು ಸಂದಿಯಿಂದ ಜಾರಿದೆ. ಹೊರಗೆ ಬಂದೆ!

ಮೊದಲ ಸಲ ನನ್ನ ಮೈಗೆ ಗಾಳಿ ತಾಕಿತು. ಕೆಳಗೆ ಒಂದು ಕಣ್ಣಿತ್ತು. ಅರವತ್ತೆಂಟು ವರ್ಷ ನಾನು ಬಾಳಿದ ಮನೆ. ಎಷ್ಟು ಚಿಕ್ಕದು! ಕಪ್ಪತಗುಡ್ಡ, ಗಂಡನ ಮುಖ, ಸಾವಿರ ಕೌದಿ, ಇವೆಲ್ಲ ಈ ಚೂರು ಬಾಗಿಲಿನಿಂದ ಒಳಗೆ ಹೋದದ್ದು ಹೇಗೆ? ಎರಡು ಸಣ್ಣ ಮೀಸೆಗಳಿದ್ದ ಪ್ಲಾಸ್ಟಿಕ್ಕಿನ ಹೊಸಬನೊಬ್ಬ ನನ್ನ ಜಾಗಕ್ಕೆ ಇಳಿದ. ನೀರಿನಂತೆ ತಿಳಿಯಾಗಿದ್ದ. ಹೊಟ್ಟೆಕಿಚ್ಚು ಪಡಲೂ ನನಗೆ ಮನಸ್ಸು ಬರಲಿಲ್ಲ.

"ಅದನ್ನ ನನಗ ಕೊಡ್ರಿ," ಎಂದಳು ಫಕ್ಕೀರವ್ವ.

"ಹಂಗೆಲ್ಲ ಕೊಡೂದಿಲ್ರಿ ಅಜ್ಜಿ."

"ನನ್ನ ಮೈಯಾಗಿಂದು, ನಿಮ್ಮ ಅಂಗಡಿದಲ್ಲ!"

ಡಾಕ್ಟರು ನಕ್ಕರು. ನಾನು ಔಷಧದ ಪುಟ್ಟ ಬಾಟಲಿ ಸೇರಿದೆ. ಹುಣಸೆಬೀಜದಂತೆ ಕಂದಾಗಿದ್ದೆ.

ಮರುದಿನ ಪಟ್ಟಿ ಬಿಚ್ಚಿದರು. ಫಕ್ಕೀರವ್ವ ಗೋಡೆ ನೋಡಿದಳು. "ಸಿಸ್ಟರ್, ರಾತ್ರೋರಾತ್ರಿ ಸುಣ್ಣಾ ಹೊಡಸೀರೇನು?" ಆಮೇಲೆ ಕಿಟಕಿಯಾಚೆ ನೋಡಿದಳು. ಅಲ್ಲಿ ಮಳೆ ತೊಳೆದ ಆಕಾಶವಿತ್ತು. ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಇಷ್ಟೆಲ್ಲಾ ನೀಲಿ ಎಲ್ಲಿತ್ತಽ ಯವ್ವಾ," ಎಂದು ಪಿಸುಗುಟ್ಟಿದಳು. ಮಣ್ಣಿನ ಬಣ್ಣದ್ದೆಂದು ಹತ್ತು ವರ್ಷ ಉಟ್ಟ ಸೀರೆಯ ಸೆರಗನ್ನು ಎತ್ತಿ ನೋಡಿದಳು. ಅದು ನವಿಲಿನ ಕುತ್ತಿಗೆಯಂತೆ ಹೊಳೆಯಿತು.

ಕೊನೆಗೆ ಚೀಲಕ್ಕೆ ಕೈ ಹಾಕಿ ಕೌದಿ ತೆಗೆದಳು. ನಡುವಿನ ತುಂಡನ್ನು ಸೆರಗಿನ ಪಕ್ಕದಲ್ಲಿಟ್ಟಳು.

ಕರಿ. ಹಂಚಿನ ತಳದಷ್ಟು ಕರಿ.

ಅವಳು ಬಹಳ ಹೊತ್ತು ಅದನ್ನು ಸವರಿದಳು. ಆಮೇಲೆ ನನ್ನ ಬಾಟಲಿಯನ್ನು ಮುಖದ ಹತ್ತಿರ ತಂದು, "ನೀನಽ ಏನ, ಕಳ್ಳಿ?" ಎಂದಳು. ಬೈಗುಳದಲ್ಲಿ ಸಿಟ್ಟಿರಲಿಲ್ಲ.

ಎಂಟನೆಯ ದಿನ ಕರಿಕನ್ನಡಕ ಹಾಕಿಕೊಂಡು ರೋಣಕ್ಕೆ ಹೋದಳು. ಅಂದಾನವ್ವನ ಹೊಸ್ತಿಲಿನ ಹೊರಗೇ ನಿಂತು ನನ್ನ ಬಾಟಲಿಯನ್ನು ಮುಂದೆ ಹಿಡಿದಳು.

"ಬೀಗತೇರ, ಕೌದಿ ಕರೇದು. ನೀವ ಹೇಳಿದ್ದ ಖರೇ. ತಪ್ಪ ನಂದಲ್ಲ, ಈಕಿದು. ಕಳ್ಳೀನ್ನ ಹಿಡಕೊಂಡ ಬಂದೀನಿ, ಏನ ಶಿಕ್ಷಾ ಕೊಡ್ತೀರೋ ಕೊಡ್ರಿ. ನನಗ ಮಾತ್ರ ಕೂಸು ತೋರಸ್ರಿ."

ಕಸ್ತೂರಿ ಓಡಿಬಂದು ತಾಯಿಯನ್ನು ಒಳಗೆಳೆದು, ಕೂಸನ್ನು ತೊಡೆಯ ಮೇಲಿಟ್ಟಳು. ಫಕ್ಕೀರವ್ವ ಕನ್ನಡಕ ತೆಗೆದಳು. ಕೂಸು ಅವಳನ್ನೇ ನೋಡಿತು. ಆ ಪಾಪೆಯ ಹಿಂದೆ ಒಬ್ಬಳು ಕೂತಿದ್ದಳು, ಇಬ್ಬನಿಯ ಚೂರಿನಂಥವಳು, ಒಂದು ಕಲೆಯೂ ಇಲ್ಲದವಳು. ನಾನೂ ಹೀಗಿದ್ದೆನೇ? ಬಾಟಲಿಯಲ್ಲಿ ಕೂತು ನಾನು ಬೆರಗಾದೆ. ಫಕ್ಕೀರವ್ವ ಕೂಸಿನ ಅಂಗಾಲು ಸವರಿದಳು.

ಅಂದಾನವ್ವ ಸೆರಗಿನಿಂದ ಮೂಗೊರೆಸಿಕೊಂಡಳು. ಅದನ್ನು ಮುಚ್ಚಲು ಅವಳು ಗಡುಸಾಗಿ, "ಎಲ್ಲೇತಿ ಆ ಕಳ್ಳಿ? ನೋಡೂಣ ಕೊಡ್ರಿ," ಎಂದು ನನ್ನನ್ನು ಎತ್ತಿಕೊಂಡಳು. ಮೂಗಿನ ಹತ್ತಿರ ಹಿಡಿದಳು. ದೂರ ಹಿಡಿದಳು. ಬಾಗಿಲ ಬೆಳಕಿಗೆ ಹಿಡಿದು ಅಲುಗಾಡಿಸಿದಳು.

"ಇದರಾಗ ಏನೂ ಇಲ್ಲಲ್ರಿ ಬೀಗತೇರ. ಬರೇ ನೀರ ಐತಿ."

ಅಂದಾನವ್ವನ ಕಣ್ಣು ನನಗೆ ಒಂದು ಗೇಣು ದೂರದಲ್ಲಿತ್ತು. ಪಾಪೆಯ ಹಿಂದೆ ಜೋಳದ ಕಾಳಿನಂತೆ ಬೆಳ್ಳಗೆ ನನ್ನ ಕುಲದವಳೊಬ್ಬಳು ಆರಾಮಾಗಿ ಕೂತಿದ್ದಳು.

ಫಕ್ಕೀರವ್ವ ಕೂಸಿನಿಂದ ತಲೆ ಎತ್ತಿದಳು. ಹೊಸ ಕಣ್ಣಿನಿಂದ ಬೀಗತಿಯ ಕಣ್ಣನ್ನು ನಿಟ್ಟಿಸಿದಳು. ಆಮೇಲೆ ಬಹಳ ಮೆತ್ತಗೆ, ಬಹಳ ಸವಿಯಾಗಿ ಕೇಳಿದಳು:

"ಹಂಗಾದ್ರ ಬೀಗತೇರ, ಕೌದಿ ಕರೇದೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

ಅಂದಾನವ್ವ ಏನಂದಳು, ಆಮೇಲೆ ಏನಾಯಿತು, ನಾನು ಹೇಳುವುದಿಲ್ಲ. ನೀವೇ ಹೇಳಿ ನೋಡೋಣ. ಸುಳಿವು ಒಂದೇ ಕೊಡುತ್ತೇನೆ: ರೋಣದ ಈ ಮನೆಯ ಗೋಡೆಗೂಡಿನಲ್ಲಿ ಈಗ ನಾನು ಒಬ್ಬಳೇ ಇಲ್ಲ, ಪಕ್ಕದ ಬಾಟಲಿಯವಳು ಜೋಳದ ಕಾಳಿನಂತೆ ಬೆಳ್ಳಗಿದ್ದಾಳೆ.