ಹಿಂದಿನ ಮೂಲೆಯ ಹೂಳು

ಟ್ಯಾಂಕಿನ ಬಾಯಿ ನನ್ನ ಸೊಂಟದಷ್ಟೇ ಅಗಲ. ಒಂದು ಭುಜ ಮೊದಲು, ಆಮೇಲೆ ಇನ್ನೊಂದು. ಪ್ರಯಾಣಿಕರ ದೋಣಿಯ ಕಕ್ಕಸಿನ ನೀರೆಲ್ಲ ಬಂದು ಸೇರುವ ಟ್ಯಾಂಕು ಅದು. ಪಂಪು ಬಸಿದ ಮೇಲೆ ಉಳಿದದ್ದನ್ನು ಕೆರೆದು ಬಕೆಟ್ಟಿಗೆ ತುಂಬುವುದು ನನ್ನ ಕೆಲಸ. ಎಷ್ಟು ಸೋಪು ಉಜ್ಜಿದರೂ ಕೂದಲಿನ ವಾಸನೆ ಹೋಗುವುದಿಲ್ಲ. ಮನೆಯಲ್ಲಿ ಅತ್ತೆ ನನ್ನ ತಟ್ಟೆಯನ್ನು ಬಾಗಿಲ ಬಳಿ ಇಡುತ್ತಾರೆ.

ನನ್ನ ಓರಗಿತ್ತಿಯ ತಟ್ಟೆ ಮಾತ್ರ ಫ್ಯಾನಿನ ಕೆಳಗೆ.

ಅವಳಿಗೂ ಅದೇ ದೋಣಿಯಲ್ಲಿ ಕೆಲಸ. ಎರಡು ತಿಂಗಳು ತರಬೇತಿ ಕೊಟ್ಟು ನೀಲಿ ಕೋಟು ಹಾಕಿಸಿದ್ದರು. "ನಮ್ಮ ಚಿಕ್ ಸೊಸೆ ಮಿಷನ್ ಕೂರಿಸ್ತಾಳೆ" ಎಂದು ಅತ್ತೆ ಬೀದಿಗೆಲ್ಲ ಸಾರಿದರು. ಅವಳು ಒಗೆದು ಹಾಕಿದ ಕೋಟನ್ನು ಒಂದು ಸಲ, ಯಾರೂ ಇಲ್ಲದಾಗ, ನಾನು ತೊಟ್ಟು ನೋಡಿದ್ದೆ. ತೋಳು ಸರಿಯಾಗಿ ಬಂತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಆ ದಿನ ಟ್ಯಾಂಕಿಗೆ ಸೆನ್ಸರ್ ಕೂರಿಸಬೇಕಿತ್ತು. ಹೆಬ್ಬೆರಳಿನ ಗಾತ್ರದ ಉಕ್ಕಿನ ತುಂಡು, ಅದಕ್ಕೊಂದು ಉದ್ದನೆಯ ಕೇಬಲ್. ತಳದಲ್ಲಿ ಮುಳುಗಿದ್ದುಕೊಂಡೇ, ಮೇಲಿನ ನೀರಿನ ಭಾರ ನೋಡಿ, ಟ್ಯಾಂಕು ಎಷ್ಟು ತುಂಬಿದೆಯೆಂದು ಪರದೆಗೆ ಹೇಳುತ್ತದಂತೆ. ಅಲೆಗೆ ಹೊಯ್ದಾಡದಂತೆ ತೂತುಗಳಿರುವ ಪೈಪಿನೊಳಗೆ ಇಳಿಬಿಡಬೇಕು. ಮಧ್ಯಾಹ್ನ ತಪಾಸಣೆಯ ಅಧಿಕಾರಿ ಬರುವವನಿದ್ದ.

"ಅಕ್ಕ, ಪೈಪ್ ಹಿಂದಿನ ಮೂಲೇಲಿ ನಿಲ್ಸಿದ್ರೆ ಆಗುತ್ತಾ? ತಳ ಚೆನ್ನಾಗಿದ್ಯಾ?" ಟ್ಯಾಂಕಿನೊಳಗಿದ್ದ ನನ್ನನ್ನು ಓರಗಿತ್ತಿ ಮೇಲಿನಿಂದ ಕೇಳಿದಳು.

ಆ ಮೂಲೆಯಲ್ಲಿ ಮೊಣಕಾಲೆತ್ತರ ಹೂಳು. ನನಗಲ್ಲದೆ ಇನ್ಯಾರಿಗೆ ಗೊತ್ತು?

"ಕೋಟು ಹಾಕಿರೋಳು ನೀನು. ನನ್ನೇನು ಕೇಳ್ತೀಯ?"

ಪೈಪನ್ನು ಹೂಳಿನಲ್ಲೇ ಊರಿ ಬೋಲ್ಟು ಬಿಗಿದೆ. ಸೆನ್ಸರ್ ಇಳಿದು ಕೆಸರಿನಲ್ಲಿ ಕೂತಿತು. ನಾನು ಮೇಲೆ ಹತ್ತಿ ಬಂದಾಗ, ಬಸಿದ ಟ್ಯಾಂಕು ಕಾಲುಭಾಗ ತುಂಬಿದೆ ಎನ್ನುತ್ತಿತ್ತು ಪರದೆ. ನನಗೆ ಒಳಗೊಳಗೇ ಖುಷಿ.

ಅವಳು ಟಾರ್ಚು ಬಿಟ್ಟು ಕೆಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆದರೂ ಅಷ್ಟರಲ್ಲಿ ಬಂದ ದೋಣಿಯ ಮಾಲೀಕನ ಮುಂದೆ ನನ್ನ ಸುದ್ದಿ ಎತ್ತಲಿಲ್ಲ.

"ಒಳಗೆ ಹೂಳಿದೆ ಸಾರ್. ಎರಡು ದಿನ ದೋಣಿ ನಿಲ್ಸಿ ತೆಗೆಸ್ಬೇಕು."

"ನಿಲ್ಸೋದಾ? ಇದನ್ನೇ ಸೊನ್ನೆ ಅಂತ ಗುರುತು ಹಾಕು. ಟ್ಯಾಂಕ್ ಕ್ಲೀನ್ ಅಂತ ಸಹಿ ಮಾಡು."

"ಸುಳ್ಳು ಸಹಿ ಹಾಕಲ್ಲ ಸಾರ್."

"ಹಾಗಾದ್ರೆ ಬಿಚ್ಚು ಕೋಟು."

ಬಿಚ್ಚಿದಳು. ಮಾಲೀಕ ಅದನ್ನು ನನ್ನತ್ತ ಚಾಚಿದ. "ತಗೋ, ಇನ್ಮೇಲೆ ನೀನೇ. ಈ ಕಾಗದಕ್ಕೊಂದು ಹೆಬ್ಬೆಟ್ಟು ಒತ್ತು, ಸಾಕು."

ಕೈ ತಾನಾಗಿ ಮುಂದೆ ಹೋಯಿತು. ಸುಳ್ಳು ಯಾಕೆ ಹೇಳಲಿ? ಫ್ಯಾನಿನ ಗಾಳಿ ಆಗಲೇ ಮುಖಕ್ಕೆ ಬಡಿದಂತಾಯಿತು. ಆದರೆ ಕೋಟಿನ ಕಂಕುಳು ಅವಳ ಬೆವರಿಗೆ ಇನ್ನೂ ಒದ್ದೆಯಾಗಿತ್ತು. ನಾಳೆ ನಾನೂ ಆಗಲ್ಲ ಅಂದರೆ ನನ್ನ ಬೆವರಿನೊಂದಿಗೆ ಇನ್ನೊಬ್ಬಳ ಕೈಗೆ ಹೋಗುವ ಕೋಟು. ಅವನಿಗೆ ಬೇಕಿದ್ದದ್ದು ನನ್ನ ಹೆಬ್ಬೆರಳು ಮಾತ್ರ.

ಕೋಟನ್ನು ಅವಳ ಹೆಗಲಿಗೇ ಹಾಕಿದೆ. "ಗೊತ್ತಿದ್ದೂ ಹೂಳಲ್ಲಿ ಪೈಪ್ ಊರಿದ್ದು ನಾನು ಕಣೇ."

"ಗೊತ್ತಕ್ಕ. ಆ ಜಗಳ ಮನೇಲಿ ಆಡೋಣ."

ನಾನು ಮಾಲೀಕನ ಕಡೆ ತಿರುಗಿದೆ. "ಮೂರು ವರ್ಷದಿಂದ ಹೇಳ್ತಿದ್ದೀನಿ, ಆ ಮೂಲೇಲಿ ಉಸಿರು ಕಟ್ಟುತ್ತೆ ಅಂತ. ಗಾಳಿ ಊದೋ ಮಿಷನ್ ಕೊಡಿ, ಸೊಂಟಕ್ಕೆ ಹಗ್ಗ ಕೊಡಿ, ಹೂಳು ತೆಗೀತೀನಿ ಅಂದ್ರೆ, ಇದ್ದದ್ರಲ್ಲೇ ಮುಗ್ಸು ಅಂದೋರು ನೀವು."

"ಬಾಯಿ ಮುಚ್ಚು! ಅವ್ರು ಬಂದ್ರು."

ಅಧಿಕಾರಿ ಹಲಗೆ ದಾಟಿ ಬಂದು ಪರದೆ ನೋಡಿದ. "ಕಾಲುಭಾಗ ತೋರಿಸ್ತಿದೆ. ಏನಿದೆ ಒಳಗೆ?"

"ಏನಿಲ್ಲ ಸಾರ್, ಮಿಷನ್ ಹೊಸದು..." ಎಂದ ಮಾಲೀಕ.

ಓರಗಿತ್ತಿ ಟ್ಯಾಂಕಿನ ಮುಚ್ಚಳ ಎತ್ತಿ ಹಿಡಿದಳು. ನಾನು ಅಧಿಕಾರಿಯ ಕೈಗೆ ಟಾರ್ಚು ಕೊಟ್ಟೆ. ಅವನು ಇನ್ನೊಂದು ಕೈಯಲ್ಲಿ ಕರವಸ್ತ್ರ ಹುಡುಕತೊಡಗಿದ.

"ಮೂಗು ಮುಚ್ಕೋಬೇಡಿ ಸಾರ್," ಎಂದೆ. "ಹಾಗೇ ಬಗ್ಗಿ ನೋಡಿ."