ಗುಂಡಿ ಡಬ್ಬಿಯ ಅರ್ಧ ಮಾತ್ರೆ

ನನಗೆ ಅನುಮಾನ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಮೂವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ ಕೂತವಳು ನಾನು. ಬಟ್ಟೆ ತಂದವರು ಎರಡು ಮೀಟರ್ ಇದೆ ಎಂದರೆ ಅಳೆಯದೆ ಕತ್ತರಿ ಇಟ್ಟವಳಲ್ಲ.

ಹಾಗಾಗಿ ಮಗಳ ನಾಲಿಗೆಯ ಮೇಲಿನ ಬಿಳಿ ಬೂಷ್ಟು ನಾಲ್ಕು ತಿಂಗಳು ಔಷಧಿ ತಿಂದರೂ ಹೋಗದಿದ್ದಾಗ, ಯಾರೋ ಮೋಸ ಮಾಡುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಅವಳ ಕಾಯಿಲೆ ಹುಟ್ಟಿನಿಂದ ಬಂದದ್ದು, ನನ್ನಿಂದ ಅರ್ಧ, ಅವಳಪ್ಪನಿಂದ ಅರ್ಧ. ಬದುಕಲು ಬೇಕಾದ ಒಂದು ಹಾರ್ಮೋನು ಅವಳ ಮೈಯಲ್ಲಿ ತಯಾರಾಗುವುದಿಲ್ಲ. ಅದರ ಬದಲಿಗೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಸಣ್ಣ ಸ್ಟೀರಾಯ್ಡ್ ಮಾತ್ರೆ. ತಪ್ಪಿದರೆ ಜೀವಕ್ಕೇ ಸಂಚಕಾರ. ಬಾಯಿಯ ಬೂಷ್ಟೂ ಅದೇ ಕಾಯಿಲೆಯ ಬಾಲಂಗೋಚಿ. ಅದಕ್ಕೆ ಬೇರೆ ಮಾತ್ರೆ. ಹಳೆಯ ಗುಂಡಿ ಡಬ್ಬಿಯ ಏಳು ಮನೆಗಳಿಗೆ ವಾರದ ಮಾತ್ರೆಗಳನ್ನೆಲ್ಲ ತುಂಬಿಡುವವಳು ನಾನೇ.

ಮೊದಲು ಔಷಧಿ ಅಂಗಡಿಯವನ ಮೇಲೆ ಕಣ್ಣು ಬಿತ್ತು.

"ಹಳೇ ಸರಕು ತಳ್ತಿಲ್ಲ ತಾನೇ?"

"ತಾರೀಕು ನೀವೇ ನೋಡಿ ಅಮ್ಮಾ. ಈಗಾಗ್ಲೇ ಮೂರು ಸಲ ನೋಡಿದೀರ."

ಆಮೇಲೆ ಮಗಳ ಸರದಿ. ಕಹಿ ಎಂದು ಉಗುಳುತ್ತಿರಬೇಕು! ಕಸದ ಬುಟ್ಟಿ ಸುರಿದು ನೋಡಿದೆ, ದಿಂಬಿನ ಕವರು ಕೊಡವಿದೆ. ಇಪ್ಪತ್ತೆರಡು ವರ್ಷದವಳನ್ನು ಕಿಟಕಿಯ ಬಳಿ ನಿಲ್ಲಿಸಿ ನಾಲಿಗೆ ಎತ್ತಿಸಿದೆ.

"ನುಂಗಿದೀನಮ್ಮಾ! ಇನ್ನೇನು, ಹೊಟ್ಟೆ ಬಿಚ್ಚಿ ತೋರಿಸ್ಲಾ?"

"ಬಿಚ್ಚಿದ್ರೆ ಹೊಲಿಯೋಕೆ ನಾನಿದೀನಿ. ಬಾಯಿ ತೆಗಿ."

ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ನನ್ನ ಅನುಮಾನ ಬಲಿಯಿತು.

ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೇರೆ ಯಾರಿಗೋ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: "ಸ್ಟೀರಾಯ್ಡ್ ಹೆಚ್ಚಾದ್ರೆ ಬಾಯಲ್ಲಿ ಫಂಗಸ್ ಬೆಳೆಯುತ್ತೆ." ಓಹೋ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಸಡಿಲವಾದ ಅಂಗಿಯನ್ನು ಎರಡೂ ಕಡೆ ಅರ್ಧ ಇಂಚು ಹಿಡಿದರೆ ಮೈಗೆ ಸರಿಯಾಗಿ ಕೂರುತ್ತದಲ್ಲ, ಇದೂ ಹಾಗೇ ಎಂದಿತು ನನ್ನ ಹಾಳು ಬುದ್ಧಿ. ಹಾರ್ಮೋನಿನ ಮಾತ್ರೆಗಳನ್ನೆಲ್ಲ ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ಅರ್ಧ ಮಾಡಿ ಡಬ್ಬಿಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ.

ಮೂರು ವಾರದಲ್ಲಿ ಹುಡುಗಿ ಸೊರಗಿದಳು. ಎದ್ದರೆ ತಲೆಸುತ್ತು, ತಿನ್ನುವುದಕ್ಕೆಲ್ಲ ಇನ್ನಷ್ಟು ಉಪ್ಪು ಸುರಿದುಕೊಳ್ಳುವಳು. ಫೋನು ನೋಡುತ್ತಾ ನಿದ್ದೆಗೆಡುತ್ತಾಳೆ ಎಂದು ಬೈದೆ. ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಬಳಿ ನಿಂತಿದ್ದವಳು ಹಾಗೇ ಕುಸಿದಳು. ಗಿರಾಕಿಯ ಕೋಟು ಸುಟ್ಟ ವಾಸನೆ ಬಂದಾಗಲೇ ನಾನು ತಲೆಯೆತ್ತಿದ್ದು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಸಂಜೆಗೆ ಕಣ್ಣು ಬಿಡಿಸಿದರು.

"ಹಾರ್ಮೋನಿನ ಮಾತ್ರೆ ತಪ್ಪಿಸಿದ್ಯಾ?" ಎಂದರು ಡಾಕ್ಟರಮ್ಮ.

"ಇಲ್ಲ ಮೇಡಂ. ಅಮ್ಮ ಹಾಕಿಟ್ಟಿದ್ದನ್ನೆಲ್ಲ ನುಂಗಿದೀನಿ."

ನಾನು ಅವಳ ಹೊದಿಕೆಯ ಅಂಚು ಸರಿಮಾಡತೊಡಗಿದೆ.

ಡಾಕ್ಟರಮ್ಮ ಲ್ಯಾಬಿನ ಕಾಗದ ತೆಗೆದರು. "ಇನ್ನೊಂದು ವಿಷಯ. ಇವಳ ಬಾಯಲ್ಲಿರೋ ಫಂಗಸ್ ಇಷ್ಟು ದಿನ ಕೊಟ್ಟ ಔಷಧಿಗೆ ಜಗ್ಗೋದೇ ಇಲ್ಲ. ಎಷ್ಟು ಸರಿಯಾಗಿ ನುಂಗಿದ್ರೂ ಅಷ್ಟೇ. ಬೇರೇದು ಶುರು ಮಾಡೋಣ."

ಅಂಗಡಿಯವನು ಕಳ್ಳನಲ್ಲ, ಮಗಳೂ ಅಲ್ಲ. ಉಳಿದವಳು ನಾನೊಬ್ಬಳೇ.

"ಹಾರ್ಮೋನಿನ ಮಾತ್ರೆ ಅರ್ಧ ಮಾಡಿದ್ದು ನಾನು," ಎಂದೆ.

"ಅಯ್ಯೋ ಅಮ್ಮಾ! ಇವಳ ಪ್ರಾಣ ಇರೋದೇ ಅದ್ರಲ್ಲಿ. ಹೆಚ್ಚು ಕಮ್ಮಿ ಮಾಡೋದು ನಾನು. ನೀವಲ್ಲ!"

ಬೈಸಿಕೊಂಡೆ. ಅವರು ಹೋದ ಮೇಲೆ ಮಗಳ ಕಡೆ ತಿರುಗಿದೆ. "ಅರ್ಧ ಇದ್ದದ್ದು ಕಾಣಿಸ್ಲಿಲ್ವೇನೇ? ಯಾಕೆ ಕೇಳ್ಲಿಲ್ಲ?"

"ಕಾಣಿಸ್ತು. ಡಾಕ್ಟ್ರು ಹೇಳಿರ್ತಾರೆ ಅಂದ್ಕೊಂಡೆ. ನೀನು ಅಳತೆ ತಪ್ಪೋಳಲ್ವಲ್ಲಮ್ಮಾ."

ಚುಚ್ಚಿ ಆಡಿದ ಮಾತಲ್ಲ ಅದು. ನನಗೆ ಅಳು ತಡೆಯಲಾಗಲಿಲ್ಲ.

ಭಾನುವಾರ ಗುಂಡಿ ಡಬ್ಬಿಯನ್ನು ಅವಳ ಕಡೆ ತಳ್ಳಿ, "ನೀನೇ ತುಂಬ್ಕೋ," ಎಂದೆ. "ನೀನೇ ಹಾಕಮ್ಮಾ," ಎಂದು ವಾಪಸ್ಸು ತಳ್ಳಿದಳು. ಒಂದೊಂದೇ ಎಣಿಸಿ ಏಳು ಮನೆಗೂ ಹಾಕಿದೆ.

"ನಿನ್ನ ದಮ್ಮಯ್ಯ ಕಣೇ, ನನ್ನ ಮೇಲೂ ಒಂಚೂರು ಅನುಮಾನ ಪಡು."

ಅವಳು ನಕ್ಕಳು. ಆದರೂ ಸೋಮವಾರದ ಮನೆಯಿಂದ ಸಣ್ಣ ಮಾತ್ರೆ ತೆಗೆದು, ನಾನು ಅವಳನ್ನು ನಿಲ್ಲಿಸುತ್ತಿದ್ದ ಅದೇ ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿದಳು.

"ದುಂಡಗಿದೆ, ಬಿಡು."

"ಇನ್ನೊಂದ್ಸಲ ನೋಡು," ಎಂದೆ.