ಮೇಲಿನ ಬೀದಿಗೆ ಬಂದ ತಾತ

ಶವಪೆಟ್ಟಿಗೆಯನ್ನು ಫೈರ್ ಇಂಜಿನ್ ಮೇಲಕ್ಕೆ ಎತ್ತುತ್ತಿದ್ದಾಗ ನಿಬಾಲ್ಡೊನ ಕೈ ಜಾರಿತು. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಹಿಂದಿದ್ದವರು ಹೆಗಲು ಕೊಟ್ಟು ಹೇಗೋ ಏರಿಸಿದರು.

ಜಾರಿದ್ದು ಎಲ್ಬಾಳ ಮಾತಿಗೆ. ಮೇಲಿನ ಬೀದಿಯಲ್ಲಿ ಮೀನು ಮಾರುವ ಆಕೆಗೆ ಸಾವಿನ ಮನೆಯಲ್ಲೂ ಬಾಯಿ ಸುಮ್ಮನಿರದು. ಸತ್ತ ಬೆಲಿಸಾರಿಯೊನ ಮಗಳು ಯಸ್ನಾಳ ಕೈ ಹಿಡಿದು ಹೇಳುತ್ತಿದ್ದಳು: "ಪುಣ್ಯಾತ್ಮ ಕಣೇ ನಿಮ್ಮಪ್ಪ. ಮೊನ್ನೆ ಕ್ರಿಸ್ಮಸ್ ತಾತನ ವೇಷ ಹಾಕ್ಕೊಂಡು ನಮ್ಮ ಬೀದಿ ತುದಿವರೆಗೂ ಮಕ್ಕಳಿಗೆ ಕೈ ಬೀಸ್ತಾನೇ ಇದ್ದ."

"ಬೀಸಿದ್ದು ಅವನಲ್ಲ," ಎಂದ ನಿಬಾಲ್ಡೊ. ಬೆಲಿಸಾರಿಯೊನ ಜೀವದ ಗೆಳೆಯ, ಅಂದು ಇದೇ ಫೈರ್ ಇಂಜಿನ್ ಮೇಲೆ ಪಕ್ಕದಲ್ಲೇ ಕೂತಿದ್ದವನು. "ಅವನ ಕೈ ಹಿಡ್ಕೊಂಡು ನಾನು ಬೀಸ್ದೆ."

ಯಸ್ನಾಳಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಎಲ್ಬಾಳ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಮಾಮ, ಅಪ್ಪನ ಜೀವ ಹೋಗಿದ್ದು ಫೈರ್ ಸ್ಟೇಷನ್‌ಗೆ ವಾಪಸ್ ಬಂದ ಮೇಲೆ ಅಂದಿದ್ರಲ್ಲ?"

"ಶಾಲೆ ತಿರುವಲ್ಲೇ ಹೋಗ್ಬಿಟ್ಟಿದ್ದ ಕಣಮ್ಮ. ತಲೆ ನನ್ನ ಹೆಗಲ ಮೇಲೆ ಬಿತ್ತು. ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ಉಸಿರಿರಲಿಲ್ಲ."

"ನೀವೇನು ಡಾಕ್ಟರಾ? ನಿಲ್ಲಿಸಿದ್ರೆ ಬದುಕ್ತಿದ್ರೇನೋ. ನಮ್ಮಪ್ಪನ್ನ ಗೊಂಬೆ ಥರ ಆಡಿಸಿದ್ರಾ?"

 

*

ಬೆಲಿಸಾರಿಯೊ ಹುಟ್ಟಿದ್ದು ವಾಲ್ಪರೈಸೊ ಊರಿನ ಬೆಟ್ಟದ ಆ ಮೇಲಿನ ಬೀದಿಯಲ್ಲೇ. ಆಗೆಲ್ಲ ಸೈರನ್ ಕೂಗಿಸುತ್ತ, ಮಿಠಾಯಿ ಎಸೆಯುತ್ತ ಬರುವ ಕ್ರಿಸ್ಮಸ್ ತಾತನ ಫೈರ್ ಇಂಜಿನ್ ಶಾಲೆಯ ತಿರುವಿನಿಂದಲೇ ಹಿಂದಿರುಗುತ್ತಿತ್ತು. ಅಲ್ಲಿಂದಾಚೆ ಏರು ಕಡಿದು, ಜನ ಬಡವರು. ಮಿಠಾಯಿ ಎಲ್ಲ ಕೆಳಗಿನವರ ಪಾಲು. ಬೆಲಿಸಾರಿಯೊ ದೊಡ್ಡವನಾಗಿ ಬೇಕರಿ ಕೆಲಸಕ್ಕೆ ಸೇರಿದ, ಬಿಡುವಿನಲ್ಲಿ ಸಂಬಳವಿಲ್ಲದೆ ಬೆಂಕಿ ಆರಿಸಲು ಹೋದ, ಗಾಡಿ ಮೇಲಿನ ಬೀದಿಗೂ ಹತ್ತುವುದಾದರೆ ಮಾತ್ರ ತಾತನಾಗುತ್ತೇನೆ ಎಂದ.

ಭೂಮಿಯ ದಕ್ಷಿಣ ತುದಿಯ ಆ ನಾಡಲ್ಲಿ ಡಿಸೆಂಬರ್ ಎಂದರೆ ಬೇಸಿಗೆ; ಸುಡುಬಿಸಿಲಲ್ಲಿ ಆ ದಪ್ಪ ಕೋಟು, ಉಣ್ಣೆಯ ಗಡ್ಡ. "ಹಿಮದ ದೇಶದೋನ ಬಟ್ಟೆ ನಿಂಗ್ಯಾಕಪ್ಪ?" ಎಂದು ಯಸ್ನಾ ಚಿಕ್ಕಂದಿನಲ್ಲಿ ನಗುತ್ತಿದ್ದಳು.

"ಅಸಲಿ ತಾತನೂ ಸೆಕೆ ಊರಿನೋನೇ ಕಣೇ, ಸಮುದ್ರದ ದಂಡೆಯ ಬಿಷಪ್ಪು. ಬಡವನೊಬ್ಬನ ಹೆಣ್ಣುಮಕ್ಕಳ ಮದುವೆಗೆ ಅಂತ ಕಿಟಕೀಲಿ ಚಿನ್ನದ ಗಂಟು ಎಸೆದು ಓಡಿಹೋಗ್ತಿದ್ನಂತೆ. ಹಿಮ, ಜಿಂಕೆ ಎಲ್ಲ ಆಮೇಲೆ ಜನ ಅಂಟಿಸಿದ್ದು. ಕೇಳ್ದೇನೇ ಬಂದು ಕೊಡೋನು ಯಾರಿಗೆ ಬೇಡ ಹೇಳು?"

*

"ಮಕ್ಕಳು ಮೇಲೆ ಕಾಯ್ತಿದ್ರಮ್ಮ," ಎಂದ ನಿಬಾಲ್ಡೊ. "ಆ ತಿರುವಿಂದ ವಾಪಸ್ ಹೋಗಿದ್ರೆ ಅವನು ನನ್ನ ಕ್ಷಮಿಸ್ತಿರ್ಲಿಲ್ಲ."

"ನಾನು ಕ್ಷಮಿಸಲ್ಲ," ಎಂದು ಯಸ್ನಾ ಗಾಡಿ ಹತ್ತಿ ಪೆಟ್ಟಿಗೆಯ ಪಕ್ಕ ಕೂತಳು.

ಸ್ಮಶಾನದ ದಾರಿ ಮೇಲಿನ ಬೀದಿಯನ್ನು ಹಾದೇ ಹೋಗಬೇಕು. ಜೊತೆಗಾರ ಸತ್ತರೆ ಸೈರನ್ ಕೂಗಿಸುವುದು ಬೆಂಕಿ ಆರಿಸುವವರ ಪದ್ಧತಿ. ಹಬ್ಬ ಮುಗಿಯುವ ತನಕ ಮಕ್ಕಳಿಗೆ ಹೇಳುವುದು ಬೇಡವೆಂದು ತಾಯಂದಿರು ಸುದ್ದಿ ಮುಚ್ಚಿಟ್ಟಿದ್ದರು. ಸೈರನ್ ಕೇಳಿದ್ದೇ ತಡ, ಮಕ್ಕಳು ಬರಿಗಾಲಲ್ಲಿ ಹೊರಗೋಡಿ ಬಂದವು. "ತಾತ ಮತ್ತೆ ಬಂದ" ಎಂದು ಕೂಗುತ್ತಾ ಗಾಡಿಯ ಎರಡೂ ಬದಿ ಕೈ ಚಾಚಿ ಓಡತೊಡಗಿದವು.

ತಾಯಂದಿರು ನಿಂತಲ್ಲೇ ಕಲ್ಲಾದರು. ಪೆಟ್ಟಿಗೆಯ ಆಚೆ ಬದಿ ಕೂತಿದ್ದ ನಿಬಾಲ್ಡೊ ಮುಖ ಮುಚ್ಚಿಕೊಂಡ.

ಯಸ್ನಾ ಆ ಕೈಗಳನ್ನೇ ನೋಡಿದಳು. ಆಮೇಲೆ ಅಪ್ಪನ ಪೆಟ್ಟಿಗೆಯ ಮೇಲೆ ತಂತಿಗೆ ಕಟ್ಟಿಟ್ಟಿದ್ದ ಹೂಚಕ್ರದಿಂದ ಒಂದು ಕೆಂಪು ಹೂ ಕಿತ್ತು ಮಕ್ಕಳತ್ತ ಎಸೆದಳು. ಇನ್ನೊಂದು ಎಸೆದಳು. ಗಾಡಿ ಸ್ಮಶಾನ ಮುಟ್ಟಿದಾಗ ಪೆಟ್ಟಿಗೆಯ ಮೇಲೆ ಬರೀ ತಂತಿ ಉಳಿದಿತ್ತು.